ಒಂದೇ ಹಳ್ಳಕ್ಕೆ ಇಪ್ಪತ್ತು ಸೇತುವೆ

ಒಂದು ಕಾಡಿನಲ್ಲಿ ಕರಿಹಳ್ಳ ಅಂತ ಒಂದು ಹಳ್ಳವಿತ್ತು. ಹಳ್ಳದ ಈಚೆಗೆ ಸಿಂಹರಾಜನ ಗುಹೆ, ಅವನ ಆಸ್ಥಾನ, ಅವನ ಉಗ್ರಾಣ. ಇಡೀ ಕಾಡಿಗಿದ್ದ ಒಂದೇ ಒಂದು ಉಪ್ಪುನೆಲವೂ ಈಚೆಗೇ. ಹಳ್ಳದ ಆಚೆಗೆ ನೆಲ್ಲಿಮರ, ಗೆಡ್ಡೆಗೆಣಸು, ಜೇನು, ಹುಲ್ಲುಗಾವಲು. ಆಚೆದಡದವರು ತಮಗೆ ಸಿಕ್ಕಿದ್ದರಲ್ಲಿ ಆರನೇ ಒಂದು ಪಾಲನ್ನು ವರ್ಷವೂ ತಪ್ಪದೆ ರಾಜನ ಉಗ್ರಾಣಕ್ಕೆ ಕೊಡುತ್ತಿದ್ದರು. ಬೇಸಗೆಯಲ್ಲಿ ಹಳ್ಳ ಒಣಗಿದಾಗ ಬೆನ್ನ ಮೇಲೆ ಹೊತ್ತು ತಂದು ಸುರಿದು ಹೋಗುತ್ತಿದ್ದರು. ಕೊಡುವುದಕ್ಕೆ ದಾರಿ ಇತ್ತು. ಪಡೆಯುವುದಕ್ಕೆ ಇರಲಿಲ್ಲ.

ಮಳೆ ಹಿಡಿದರೆ ನಾಲ್ಕು ತಿಂಗಳು ಕರಿಹಳ್ಳ ಉಕ್ಕಿ ಹರಿಯುತ್ತಿತ್ತು. ಆಗ ಆಚೆಯವರು ಆಚೆ, ಈಚೆಯವರು ಈಚೆ.

ಆಚೆದಡದಲ್ಲಿ ಮುಳ್ಳವ್ವ ಅಂತ ಒಂದು ಮುದಿ ಮುಳ್ಳುಹಂದಿ ಇತ್ತು. ಅದರದ್ದು ಉಪ್ಪಿನ ವ್ಯಾಪಾರ. ಈಚೆಯಿಂದ ಉಪ್ಪುಮಣ್ಣನ್ನು ಮುತ್ತುಗದ ಎಲೆಯಲ್ಲಿ ಕಟ್ಟಿ ತಂದು ಆಚೆ ಮಾರುತ್ತಿತ್ತು; ಬದಲಿಗೆ ನೆಲ್ಲಿಕಾಯಿ ತೆಗೆದುಕೊಳ್ಳುತ್ತಿತ್ತು. ಲಾಭ ಬಿಡುವ ಜಾತಿಯಲ್ಲ ಮುಳ್ಳವ್ವ. ಆದರೆ ಒಪ್ಪಿಕೊಂಡ ಮಾಲು ತಲುಪಿಸದೆ ಇದ್ದದ್ದು ಅದರ ಜನ್ಮದಲ್ಲಿ ಒಂದೇ ಸಲ. ಹಿಂದಿನ ಮಳೆಗಾಲದಲ್ಲಿ.

ಚುಕ್ಕಿ ಅನ್ನುವ ಜಿಂಕೆ ಆಗ ಮರಿ ಹಾಕಿತ್ತು. ಉಪ್ಪಿಲ್ಲದೆ ಮರಿ ಸೊರಗುತ್ತಿತ್ತು. "ಎರಡು ದಿನ ತಾಳು, ತಂದುಕೊಡ್ತೀನಿ" ಅಂತ ಮುಳ್ಳವ್ವ ಮಾತು ಕೊಟ್ಟಿತು. ಆ ಸಂಜೆಯೇ ಹಳ್ಳ ತುಂಬಿತು. ಎರಡು ದಿನ ಹೋಗಿ ಇಪ್ಪತ್ತು ದಿನವಾಯಿತು. ಎದುರು ದಡದ ಉಪ್ಪಿನ ವಾಸನೆ ಹಿಡಿದು ಮರಿ ನೀರಿಗಿಳಿಯಿತು. ಮೇಲೆ ಬರಲಿಲ್ಲ.

ಚುಕ್ಕಿ ಏನೂ ಅನ್ನಲಿಲ್ಲ. ಅದೇ ಮುಳ್ಳವ್ವನಿಗೆ ಚುಚ್ಚಿದ್ದು. ಈಗ ಚುಕ್ಕಿ ಮತ್ತೆ ಬಸುರಿ. ಮತ್ತೆ ಮಳೆಗಾಲದ ಹೊತ್ತಿಗೇ ಹೆರಿಗೆ.

ಹಾಗಾದರೆ ಹಳ್ಳಕ್ಕೆ ಸೇತುವೆ ಯಾರೂ ಕೇಳಿರಲಿಲ್ಲವೇ? ಕೇಳಿದ್ದರು. ರಾಜ ಮಂಜೂರೂ ಮಾಡಿದ್ದ. ಒಂದು ಸಲವಲ್ಲ, ಆರು ಸಲ!

ಆ ಕಾಡಿನ ಪದ್ಧತಿ ಹೀಗಿತ್ತು. ಯುಗಾದಿ ಕಳೆದ ಮೇಲೆ ಡಂಗುರದ ಮಂಗಟ್ಟೆ ಹಕ್ಕಿ ಆಲದ ಮರದ ಮೇಲೆ ಕೂತು ವರ್ಷದ ಆಯವ್ಯಯ ಓದುತ್ತಿತ್ತು. ಯಾವ ಸೀಮೆಗೆ ಎಷ್ಟು, ಯಾವ ಕೆಲಸಕ್ಕೆ ಎಷ್ಟು ಅಂತ. "ಆಚೆದಡದ ಸೇತುವೆಗೆ, ಕೂಲಿ ಪ್ರಾಣಿಗಳ ಮೇವಿಗಾಗಿ, ಇನ್ನೂರು ಮೂಟೆ ಧಾನ್ಯ!" ಅಂದ ಕೂಡಲೇ ಚಪ್ಪಾಳೆ. ಕಾಮಗಾರಿ ಮಂತ್ರಿ ನರಿರಾಯ ಎದ್ದು ನಿಂತು ಕೈ ಮುಗಿಯುತ್ತಿದ್ದ. ಬೇಸಗೆಯಲ್ಲಿ ಒಣ ಹಳ್ಳ ದಾಟಿ ಬಂದು ಅಡಿಗಲ್ಲು ಹಾಕುತ್ತಿದ್ದ. ಆನೆ ಹೊತ್ತು ತಂದ ದೊಡ್ಡ ಚಪ್ಪಡಿ. ಅದರ ಮೇಲೆ ಕೆತ್ತನೆ: ಇದು ಸೇತುವೆ, ಇಷ್ಟು ಮೂಟೆ, ಇಂಥ ವರ್ಷ, ಹಾಕಿದವರು ನರಿರಾಯರು. ಹೆಸರಿದ್ದ ಜಾಗವನ್ನು ಮಾತ್ರ ಕನ್ನಡಿಯ ಹಾಗೆ ನುಣ್ಣಗೆ ಉಜ್ಜಿಸುತ್ತಿದ್ದ. ಕಾಯಿ ಒಡೆದು, ಹಾರ ಹಾಕಿಸಿಕೊಂಡು, ಜೇನು ನೆಕ್ಕಿ ಹೋದನೆಂದರೆ ಮುಗಿಯಿತು. ಹೀಗೆ ಹಳ್ಳದ ದಡದಲ್ಲಿ ಆರು ಅಡಿಗಲ್ಲು ಸಾಲಾಗಿ ನಿಂತಿದ್ದವು. ಹಲ್ಲಿಗಳು ಬಿಸಿಲು ಕಾಯಿಸುವುದಕ್ಕೆ ಅನುಕೂಲವಾಗಿತ್ತು.

"ಧಾನ್ಯ ಎಲ್ಲಿ ಹೋಗುತ್ತೆ?" ಅಂತ ಮುಳ್ಳವ್ವ ವರ್ಷವೂ ಯೋಚಿಸುತ್ತಿತ್ತು. ಆ ವರ್ಷದ ಕೊನೆಯ ದಿನ ಅದಕ್ಕೆ ಉತ್ತರ ಸಿಕ್ಕಿತು.

ಯುಗಾದಿಯ ಹಿಂದಿನ ದಿನ ಮಧ್ಯಾಹ್ನ. ಮುಳ್ಳವ್ವ ಉಪ್ಪು ತರಲು ಈಚೆಗೆ ಬಂದಿತ್ತು. ಸಿಂಹದ ಗುಹೆಯ ಮುಂದಿನ ರಸ್ತೆಗೆ ಕಾಡುಹಂದಿಗಳು ಹೊಸ ಕಲ್ಲು ಹಾಸುತ್ತಿದ್ದವು. ನರಿರಾಯ ನೆರಳಲ್ಲಿ ನಿಂತು ನೋಡುತ್ತಿದ್ದ.

"ಏನ್ರೀ ರಾಯರೇ, ಹೋದ ವರ್ಷ ತಾನೇ ಈ ರಸ್ತೆ ಮಾಡಿಸಿದ್ರಲ್ಲ?"

"ಹೌದವ್ವ. ಆ ಕಲ್ಲು ಹಳೆಯದಾಯ್ತು."

"ಕಲ್ಲು ಹಳೆಯದಾಗುತ್ತಾ?"

"ಪ್ರಭುಗಳ ಪಾದಕ್ಕೆ ಒತ್ತಿದರೆ ಆಗುತ್ತೆ."

ಅಷ್ಟರಲ್ಲಿ ಮರದ ಮೇಲಿನಿಂದ ಮಂಗಟ್ಟೆ ಕೂಗಿತು. "ಕೇಳ್ರಪ್ಪೋ ಕೇಳಿ! ಆಚೆದಡದ ಪಂಚಾಯಿತಿ ಸೇತುವೆಯ ಧಾನ್ಯವನ್ನು ಈ ವರ್ಷವೂ ಬಳಸಿಕೊಂಡಿಲ್ಲ. ಇಂದು ಸೂರ್ಯ ಮುಳುಗಿದರೆ ಅದು ವಾಪಸ್! ರಾಜಬೀದಿಯ ಖರ್ಚಿಗೆ ಜಮಾ!"

ನೆರೆದವರು ನಕ್ಕರು. "ಆಚೆಯವರಿಗೆ ಕೊಟ್ಟರೂ ತಿನ್ನಲು ಬರೋದಿಲ್ಲ" ಅಂದಿತು ಒಂದು ಮುಂಗುಸಿ.

ಮುಳ್ಳವ್ವನ ಬೆನ್ನ ಮುಳ್ಳುಗಳೆಲ್ಲ ಗಲಗಲ ಎದ್ದು ನಿಂತವು. "ರಾಯರೇ, ನಮ್ಮ ಪಂಚಾಯಿತಿಗೆ ಧಾನ್ಯ ಯಾವಾಗ ಕೊಟ್ರಿ?"

"ಆದೇಶ ಹೊರಡಿಸಿದ್ದೀನಲ್ಲವ್ವ. ನಿಮ್ಮ ಅಧ್ಯಕ್ಷರ ಕೈಯಲ್ಲೇ ಕೊಟ್ಟಿದ್ದೀನಿ. ಅವರನ್ನೇ ಕೇಳು" ಅಂದ ನರಿರಾಯ. ಮೀಸೆ ನೆಕ್ಕಿಕೊಂಡ.

ಮುಳ್ಳವ್ವ ಉಪ್ಪಿನ ಗಂಟನ್ನೂ ಕಟ್ಟದೆ ಓಡಿತು. ಕೂಗಳತೆ ದೂರದಲ್ಲೇ ಅಧ್ಯಕ್ಷರು ಸಿಕ್ಕರು. ಆಚೆದಡದ ಪಂಚಾಯಿತಿಯ ಅಧ್ಯಕ್ಷ ಒಂದು ಆಮೆ, ಹೆಸರು ಚಿಪ್ಪಣ್ಣ. ಒಳ್ಳೆಯವನು, ಯಾರಿಗೂ ಎದುರಾಡಿದವನಲ್ಲ. ಮಳೆಗಾಲದಲ್ಲೂ ಈಜಿಕೊಂಡು ಹೋಗಿ ಅರ್ಜಿ ಕೊಟ್ಟುಬರಬಲ್ಲ ಅಂತ ಆಚೆದಡದವರೇ ಅವನನ್ನು ಆರಿಸಿದ್ದರು. ಈಗ ಬಾಯಲ್ಲಿ ಆದೇಶದ ಎಲೆ ಕಚ್ಚಿಕೊಂಡು ಏದುಸಿರು ಬಿಡುತ್ತಾ ನಡೆಯುತ್ತಿದ್ದ.

"ಚಿಪ್ಪಣ್ಣ, ಇದನ್ನ ಯಾವಾಗ ಕೊಟ್ರು?"

ಆಮೆ ಎಲೆಯನ್ನು ಕೆಳಗಿಟ್ಟಿತು. "ಬೆಳಿಗ್ಗೆಯವ್ವ."

"ಗಡುವು ಯಾವಾಗ?"

"ಇವತ್ತು ಸೂರ್ಯ ಮುಳುಗೋ ತನಕ."

"ನೀನು ಊರು ಮುಟ್ಟೋದು?"

"ನಾಳಿದ್ದು." ಆಮೆ ಸ್ವಲ್ಪ ಯೋಚಿಸಿತು. "ಬೇಗ ಬೇಗ ಹೆಜ್ಜೆ ಹಾಕಿದರೆ."

"ಆರು ವರ್ಷದಿಂದ ಹೀಗೇನಾ?"

"ಹೀಗೇ. ರಾಯರು ಬೇರೆ ಯಾರ ಕೈಗೂ ಕೊಡಲ್ಲ. ಅಧ್ಯಕ್ಷರ ಗೌರವ ಕಾಪಾಡಬೇಕು ಅಂತಾರೆ."

ಮುಳ್ಳವ್ವ ಅಲ್ಲೇ ಕೂತುಬಿಟ್ಟಿತು. ಎಂಥ ಅಚ್ಚುಕಟ್ಟಾದ ಕಳ್ಳತನ! ಆಮೆಯನ್ನು ಆರಿಸಿಕೊಟ್ಟವರು ತಾವೇ. ಬಾಗಿಲು ಮುರಿದಿಲ್ಲ, ಗೋಡೆಗೆ ಕನ್ನ ಕೊರೆದಿಲ್ಲ. ಕೊಟ್ಟಿದ್ದೇನೆ ಅಂತ ಜಗತ್ತಿಗೆಲ್ಲ ಸಾರಿ, ತಲುಪದ ಹಾಗೆ ಕೊಟ್ಟು, ತಲುಪಲಿಲ್ಲ ಅಂತ ವಾಪಸ್ ಕಿತ್ತುಕೊಂಡು, ಮೇಲೆ ಅಯೋಗ್ಯರು ಅಂತ ಹೆಸರನ್ನೂ ಇಟ್ಟು! ಸಂತೆಯ ಕಳ್ಳನಿಗಾದರೂ ಸಿಕ್ಕಿಬಿದ್ದರೆ ಏಟು ಬೀಳುತ್ತದೆ. ಈ ಕಳ್ಳನಿಗೆ ಹಾರ ಬೀಳುತ್ತಿತ್ತು.

"ನಿನಗೆ ಒಂದು ಸಲವೂ ಸಿಟ್ಟು ಬರಲಿಲ್ವಾ ಚಿಪ್ಪಣ್ಣ?"

ಆಮೆ ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡಿತು. ಒಳಗಿನಿಂದ ಸಣ್ಣ ದನಿ ಬಂತು. "ನನಗೆ ಈಜು ಬರುತ್ತಲ್ಲವ್ವ. ಹಳ್ಳ ನನಗೆ ಯಾವತ್ತೂ ಅಡ್ಡಿ ಅನಿಸಲೇ ಇಲ್ಲ."

ಮರುದಿನ ಆಚೆದಡದಲ್ಲಿ ಪಂಚಾಯಿತಿ ಸೇರಿತು. ಅಧ್ಯಕ್ಷರು ಇನ್ನೂ ದಾರಿಯಲ್ಲಿದ್ದರು. ಮುಳ್ಳವ್ವ ನಡೆದದ್ದನ್ನು ಹೇಳಿತು. ಕಾಟಿಗಳ, ಅಂದರೆ ಕಾಡುಕೋಣಗಳ, ಯಜಮಾನ ಕೋಡು ತಿರುವಿ ನೆಲ ಕೆದಕಿದ. "ಹೋಗಿ ಆ ನರಿಯ ಮೈ ಸಿಗಿದುಬಿಡೋಣ!"

"ಸಿಗಿದರೆ ಏನಾಗುತ್ತೆ?" ಅಂದಿತು ಮುಳ್ಳವ್ವ. "ದಂಗೆ ಎದ್ದರು ಅಂತ ಡಂಗುರ ಸಾರ್ತಾರೆ. ಸೇತುವೆ ಬರಲ್ಲ, ಇನ್ನೊಂದು ನರಿ ಬರುತ್ತೆ. ನನಗೂ ಮೈ ಉರಿದುಹೋಗ್ತಿದೆ ಗೌಡ. ಆದರೆ ಉರಿಯುವಾಗ ಬೆಲೆ ಮಾತಾಡಬಾರದು. ಎದುರಿನವನು ಸಂತೋಷವಾಗಿ ಬಿಟ್ಟುಕೊಡೋದು ಏನು, ಅದನ್ನ ನೋಡಬೇಕು."

"ಅವನು ಏನು ಬಿಟ್ಟುಕೊಡ್ತಾನೆ? ಕಲ್ಲು!"

"ಹೂಂ. ಕಲ್ಲು" ಅಂದಿತು ಮುಳ್ಳವ್ವ. ಅಂದು ದಡದ ಆರು ಅಡಿಗಲ್ಲುಗಳ ಕಡೆ ನೋಡಿತು.

ಅಂದು ಮಧ್ಯಾಹ್ನವೆಲ್ಲ ಮುಳ್ಳವ್ವ ಒಣ ಹಳ್ಳದಲ್ಲಿ ಓಡಾಡಿತು. ಹಳ್ಳ ಕಿರಿದಾದ ಕಡೆ, ಬಂಡೆ ತಳವಿದ್ದ ಕಡೆ, ಹೆಜ್ಜೆಗೊಂದರಂತೆ ತನ್ನ ಬೆನ್ನ ಮುಳ್ಳನ್ನು ಬಂಡೆಯ ಸಂದಿಗೆ ನೆಟ್ಟಿತು. ಆಚೆಯಿಂದ ಈಚೆಗೆ ಇಪ್ಪತ್ತು ಮುಳ್ಳು. ಕಲ್ಲು ಇದ್ದದ್ದು ಆರು.

"ಹದಿನಾಲ್ಕು ಕಡಿಮೆ" ಅಂದಿತು.

ಯುಗಾದಿ ಕಳೆಯಿತು. ಮಂಗಟ್ಟೆ ಏಳನೆಯ ಸಲ ಸೇತುವೆಗೆ ಇನ್ನೂರು ಮೂಟೆ ಓದಿತು. ನರಿರಾಯ ಕೈ ಮುಗಿದು ಕೂರುವಷ್ಟರಲ್ಲಿ ಮುಳ್ಳವ್ವ ಸಭೆಯಲ್ಲಿ ಎದ್ದು ನಿಂತಿತು.

"ರಾಯರೇ, ಒಂದು ಬಿನ್ನಹ. ಸೇತುವೆ ಯಾವಾಗಲಾದರೂ ಆಗಲಿ. ನಮಗೆ ಅವಸರ ಇಲ್ಲ."

ನರಿಯ ಕಿವಿ ನೆಟ್ಟಗಾಯಿತು.

"ಆದರೆ ಅಡಿಗಲ್ಲು ಎಲ್ಲಾ ಒಂದೇ ಕಡೆ ಹಾಕಿಬಿಟ್ರಿ. ಜಿಂಕೆ ಓಣಿಯವರಿಗೆ ಬೇಸರ, ಮೊಲದ ಓಣಿಯವರಿಗೆ ಬೇಸರ. ನಮ್ಮ ಓಣಿಗೆ ರಾಯರು ಬರಲಿಲ್ಲ, ನಮ್ಮ ಕೈಯಿಂದ ಹಾರ ಹಾಕಿಸಿಕೊಳ್ಳಲಿಲ್ಲ ಅಂತ. ಈ ಸಲ ಓಣಿಗೊಂದು ಅಡಿಗಲ್ಲು ಹಾಕಿಸಿದರೆ ಎಲ್ಲರ ಮನಸ್ಸೂ ತಣ್ಣಗಾಗುತ್ತೆ."

"ಎಷ್ಟು ಓಣಿ ಇದೆಯವ್ವ ನಿಮ್ಮಲ್ಲಿ?"

ನಿಜ ಹೇಳಬೇಕೆಂದರೆ ಒಂಬತ್ತು. "ಹದಿನಾಲ್ಕು" ಅಂದಿತು ಮುಳ್ಳವ್ವ, ಕಣ್ಣು ಮಿಟುಕಿಸದೆ.

ನರಿರಾಯ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಹದಿನಾಲ್ಕು ಹಾರ. ಹದಿನಾಲ್ಕು ಜೇನುತಟ್ಟೆ. ಅಷ್ಟೇ ಅಲ್ಲ. ಕಲ್ಲಿಗೊಂದು ಸೇತುವೆ ಅಂತ ಕೆತ್ತಿಸಿದರೆ ಹದಿನಾಲ್ಕು ಸಲ ಉಗ್ರಾಣದ ಬಾಗಿಲು ತೆಗೆಸಬಹುದು! ರಾಜ ಆಚೆದಡಕ್ಕೆ ಹೋಗುವವನಲ್ಲ. ಆಚೆಯವರು ಮಳೆಗಾಲದಲ್ಲಿ ಬರುವವರಲ್ಲ. ಕೇಳುವವರು ಯಾರು?

"ಆಗಲಿ! ಪ್ರಜೆಗಳ ಆಸೆಗಿಂತ ದೊಡ್ಡದುಂಟೇ?" ಅಂದ.

ಬೇಸಗೆಯೆಲ್ಲ ಆನೆಗಳು ಕಲ್ಲು ಹೊತ್ತವು. ನರಿರಾಯ ವಾರಕ್ಕೆರಡು ಅಡಿಗಲ್ಲು ಹಾಕಿದ, ಕಲ್ಲಿಗೊಂದು ಸಲ ಉಗ್ರಾಣದ ಧಾನ್ಯ ತೆಗೆಸಿ ತನ್ನ ಬಿಲಕ್ಕೆ ಸಾಗಿಸಿದ. ಓಣಿ ಸಾಲದೆ ಬಂದಾಗ ಕಾಡುಹಂದಿಗಳ ಎರಡು ಕೆಸರುಗುಂಡಿ ಎರಡು ಓಣಿಯಾದವು, ಒಂದೇ ಹುತ್ತದ ಪೂರ್ವ ಪಶ್ಚಿಮ ಬೇರೆ ಬೇರೆಯಾದವು. ನರಿಗೆ ಗೊತ್ತಾಗಲಿಲ್ಲವೇ? ಗೊತ್ತಾಯಿತು. ತನಗೂ ಲಾಭವಿದ್ದ ಸುಳ್ಳನ್ನು ಯಾವ ನರಿ ಎಣಿಸಿ ನೋಡುತ್ತದೆ?

ಕೊನೆಯ ಹಾರ ಹಾಕಿಸಿಕೊಂಡು ನರಿ ಹಳ್ಳ ದಾಟಿ ಹೋದ ಮಾರನೆಯ ಬೆಳಿಗ್ಗೆ ಕಾಟಿಗಳು ಕೋಡು ಕೊಟ್ಟವು, ಕರಡಿಗಳು ಬೆನ್ನು ಕೊಟ್ಟವು. ಹದಿನಾಲ್ಕು ಓಣಿಯಿಂದ ಹದಿನಾಲ್ಕು ಕಲ್ಲು ಉರುಳುತ್ತಾ ಹಳ್ಳಕ್ಕೆ ಬಂದವು. ದಡದ ಆರೂ ಇಳಿದವು. ಮುಳ್ಳವ್ವ ನೆಟ್ಟ ಮುಳ್ಳಿಗೊಂದು ಕಲ್ಲು. ಬಂಡೆಗೆ ಕಚ್ಚಿಸಿ, ಸಂದಿಗೆ ಜಲ್ಲಿ ಬಡಿದು ಕೂರಿಸಿದರು.

"ಅಕ್ಷರ ಮೇಲಿರಲಿ" ಅಂತ ಮುಳ್ಳವ್ವ ನಿಂತು ಹೇಳಿಸಿತು. "ಒಂದಕ್ಷರವೂ ಸವೆಯಬಾರದು."

ಮಳೆ ಬಂತು. ಕರಿಹಳ್ಳ ಉಕ್ಕಿತು. ಕಲ್ಲುಗಳ ನೆತ್ತಿ ಮಾತ್ರ ನೀರಿನ ಮೇಲೆ ಇಪ್ಪತ್ತು ಆಮೆಗಳ ಹಾಗೆ ಕೂತಿತ್ತು. ಅದೇ ವಾರ ಚುಕ್ಕಿ ಮರಿ ಹಾಕಿತು.

"ಎರಡು ದಿನ ತಾಳು" ಅಂತ ಮುಳ್ಳವ್ವ ಈ ಸಲ ಹೇಳಲಿಲ್ಲ. ಮಳೆಯಲ್ಲೇ ಹೊರಟಿತು. ಜೊತೆಗೆ ಕಾಟಿ ಯಜಮಾನ, ಅವನ ಬೆನ್ನೇರಿದ ಆಮೆ ಚಿಪ್ಪಣ್ಣ, ಕರಡಿಗಳು, ಮೊಲಗಳು. ಕಲ್ಲಿನಿಂದ ಕಲ್ಲಿಗೆ ಹೆಜ್ಜೆ ಇಟ್ಟು ಈಚೆಗೆ ಬಂದರು. ಉಪ್ಪು ಕಟ್ಟಿಕೊಂಡರು. ಅಲ್ಲಿಂದ ನೇರ ಆಸ್ಥಾನಕ್ಕೆ ಹೋದರು.

ಸಿಂಹರಾಜ ಬೆಚ್ಚಿದ. ಮಳೆಗಾಲದಲ್ಲಿ ಆಚೆದಡದವರ ಮುಖವನ್ನು ಅವನು ಕಂಡದ್ದೇ ಇಲ್ಲ. "ಹಳ್ಳ ತುಂಬಿದೆಯಲ್ಲ, ಹೇಗೆ ಬಂದಿರಿ?"

"ನರಿರಾಯರ ಸೇತುವೆ ಮೇಲೆ ಪ್ರಭು" ಅಂದಿತು ಮುಳ್ಳವ್ವ.

ನರಿಯ ಬಾಲ ನೆಲಕ್ಕೆ ಬಿತ್ತು. ಸಿಂಹರಾಜನಿಗೆ ಖುಷಿಯಾಯಿತು. "ಸೇತುವೆ ಆಯಿತೇ? ನನಗೇ ಹೇಳಲಿಲ್ಲವಲ್ಲ ಮಂತ್ರಿಗಳೇ! ನಡೆಯಿರಿ, ನೋಡೋಣ. ನೀವೂ ಬನ್ನಿ."

ದಡಕ್ಕೆ ಬಂದ ನರಿ ಕಲ್ಲಿನ ಸಾಲು ಕಂಡ ಕೂಡಲೇ ಕಿರುಚಿದ. "ಪ್ರಭು, ರಾಜದ್ರೋಹ! ರಾಜಮುದ್ರೆಯ ಅಡಿಗಲ್ಲುಗಳನ್ನು ಕಿತ್ತು ಹಳ್ಳಕ್ಕೆ ಹಾಕಿದ್ದಾರೆ!"

"ಸೇತುವೆಯ ಅಡಿಗಲ್ಲು ಹಳ್ಳದಲ್ಲಿರದೆ ನಿಮ್ಮ ಹಣೆಯ ಮೇಲಿರುತ್ತಾ ರಾಯರೇ?" ಅಂದಿತು ಮುಳ್ಳವ್ವ. ಆಮೇಲೆ ರಾಜನ ಕಡೆ ತಿರುಗಿತು. "ದಾಟಿ ನೋಡಿ ಪ್ರಭು. ಅಂಚಿನಲ್ಲಿ ಕಾಲಿಡಿ. ಹೆಸರಿನ ಮೇಲೆ ಇಡಬೇಡಿ, ತುಂಬಾ ನುಣ್ಣಗಿದೆ, ಜಾರುತ್ತೆ. ಒಂದೊಂದನ್ನೂ ಓದಿಕೊಂಡು ಹೋಗಿ."

ಸಿಂಹ ಮೊದಲ ಕಲ್ಲಿನ ಮೇಲೆ ನಿಂತು ಓದಿತು. "ಕರಿಹಳ್ಳದ ಸೇತುವೆ. ಇನ್ನೂರು ಮೂಟೆ." ಎರಡನೆಯದು. "ಕರಿಹಳ್ಳದ ಸೇತುವೆ. ಇನ್ನೂರು ಮೂಟೆ." ಮೂರನೆಯದು, ನಾಲ್ಕನೆಯದು. ನರಿ ಹಿಂದೆ ಹಿಂದೆ ಬರುತ್ತಿದ್ದ, ಅವನ ಹಿಂದೆ ಮುಳ್ಳವ್ವ, ಉಳಿದವರು. ಏಳನೆಯ ಕಲ್ಲಿನಿಂದ ವರ್ಷ ಬದಲಾಗಲಿಲ್ಲ. ಎಂಟು, ಒಂಬತ್ತು, ಹತ್ತು, ಎಲ್ಲವೂ ಈ ವರ್ಷದ್ದೇ. ರಾಜನ ದನಿ ಕಲ್ಲಿಗೊಂದು ಪಟ್ಟು ಏರಿತು. ಇಪ್ಪತ್ತನೆಯದನ್ನು ಓದಿ, ಆಚೆದಡದಲ್ಲಿ ಕಾಲಿಟ್ಟು, ಸಿಂಹ ತಿರುಗಿ ನಿಂತಿತು.

"ಒಂದೇ ಹಳ್ಳಕ್ಕೆ ಇಪ್ಪತ್ತು ಸೇತುವೆ! ಈ ವರ್ಷ ಒಂದರಲ್ಲೇ ಹದಿನಾಲ್ಕು! ಸೇತುವೆ ಎಲ್ಲಿ ಮಂತ್ರಿಗಳೇ?"

"ಧಾನ್ಯ ವಾಪಸ್ ಬಂತು ಪ್ರಭು... ಪಂಚಾಯಿತಿಯವರು ಗಡುವಿನೊಳಗೆ..."

"ಗಡುವಿನ ದಿನ ಬೆಳಿಗ್ಗೆ ಆದೇಶ ಬರೆದು ಆಮೆಯ ಬಾಯಲ್ಲಿ ಕಳಿಸಿದರು ಪ್ರಭು. ಆರು ವರ್ಷ" ಅಂದಿತು ಮುಳ್ಳವ್ವ. ಅದರ ಮುಳ್ಳುಗಳು ಗಲಗಲ ಅಂದವು. "ಸ್ವಲ್ಪ ಧಾನ್ಯ ಇವರ ಬಿಲದಲ್ಲಿದೆ. ಉಳಿದದ್ದು ಎಲ್ಲಿದೆ ಅಂತ ನೀವು ದಿನಾ ತುಳಿದು ನೋಡ್ತೀರಿ. ನಿಮ್ಮ ಗುಹೆಯ ಮುಂದಿನ ರಸ್ತೆಗೆ ಆರು ಸಲ ಕಲ್ಲು ಬಿತ್ತಲ್ಲ, ಎಲ್ಲಿಂದ ಬಂತು ಅಂತ ನೀವೂ ಕೇಳಲಿಲ್ಲ. ಆ ರಸ್ತೆಯ ಬೆಲೆ, ಹೋದ ಮಳೆಗಾಲದಲ್ಲಿ ಈ ಹಳ್ಳದಲ್ಲಿ ಮುಳುಗಿಹೋದ ಈ ಜಿಂಕೆಯ ಮರಿ."

ಚುಕ್ಕಿ ದಡದಲ್ಲೇ ನಿಂತಿತ್ತು. ಹೊಸ ಮರಿ ಅದರ ಕಾಲ ಸಂದಿಯಲ್ಲಿತ್ತು. ಸಿಂಹ ಚುಕ್ಕಿಯನ್ನು ನೋಡಿತು. ಆಮೇಲೆ ತನ್ನ ಪಾದಗಳನ್ನು ನೋಡಿಕೊಂಡಿತು.

ಅಷ್ಟರಲ್ಲಿ ನರಿ ಮೆಲ್ಲಗೆ ಹಿಂದಕ್ಕೆ ತಿರುಗಿದ. ಈಚೆದಡದ ಕಡೆ ಓಟ ಕಿತ್ತ. ಕಾಲು ಕೆಳಗೆ ಎಲ್ಲಿ ಬೀಳುತ್ತಿದೆ ಅಂತ ನೋಡುವ ಪುರಸೊತ್ತಿರಲಿಲ್ಲ. ನಡು ಹಳ್ಳದಲ್ಲಿ, ಕನ್ನಡಿಯ ಹಾಗೆ ಉಜ್ಜಿಸಿದ ತನ್ನ ಹೆಸರಿನ ಮೇಲೇ ಕಾಲಿಟ್ಟ. ಜಾರಿ ನೀರಿಗೆ ಬಿದ್ದ.

"ಕಾಪಾಡಿ! ಕಾಪಾಡಿ!" ನರಿ ಒಂದು ಅಡಿಗಲ್ಲನ್ನು ತಬ್ಬಿಕೊಂಡು ನೇತಾಡಿದ. "ಚಿಪ್ಪಣ್ಣಾ! ಅಧ್ಯಕ್ಷರೇ! ನಿಮಗೆ ಈಜು ಬರುತ್ತಲ್ಲ!"

ಆಮೆ ಕಲ್ಲಿನ ತುದಿಗೆ ಬಂದು ಕತ್ತು ಚಾಚಿ ನೋಡಿತು. ಜನ್ಮದಲ್ಲಿ ಮೊದಲ ಸಲ ಅದು ಎದುರಾಡಿತು.

"ಬರುತ್ತೆ ರಾಯರೇ. ಆದರೆ ಆದೇಶ ಇಲ್ಲದೆ ಹೇಗೆ ಎತ್ತಲಿ? ಆಸ್ಥಾನಕ್ಕೆ ಹೋಗಿ ಬರೆಸಿಕೊಂಡು ಬರ್ತೀನಿ. ನಾಳಿದ್ದು ಬಂದುಬಿಡ್ತೀನಿ. ಬೇಗ ಬೇಗ ಹೆಜ್ಜೆ ಹಾಕಿದರೆ."

ಅಂದದ್ದೇ ನಿಧಾನಕ್ಕೆ ಹೊರಟೇಬಿಟ್ಟಿತು.

ದಡದಲ್ಲಿದ್ದವರು ನಗಲಿಲ್ಲ. ನರಿ ಸಂಜೆಯ ತನಕ ತನ್ನದೇ ಹೆಸರನ್ನು ತಬ್ಬಿಕೊಂಡು ಹೊಟ್ಟೆ ತುಂಬ ನೀರು ಕುಡಿದ. ಸೂರ್ಯ ಮುಳುಗುವ ಹೊತ್ತಿಗೆ ರಾಜನ ಅಪ್ಪಣೆಯಂತೆ ಆನೆ ಸೊಂಡಿಲು ಚಾಚಿ ಎತ್ತಿ ಹಾಕಿತು.

"ಉಪ್ಪು ತಿಂದವನು ನೀರು ಕುಡಿಯಲೇಬೇಕು" ಅಂದ ಕಾಟಿ ಯಜಮಾನ.

"ಇವನು ತಿಂದದ್ದು ಇವನ ಉಪ್ಪಲ್ಲ, ನಮ್ಮದು" ಅಂದಿತು ಮುಳ್ಳವ್ವ.

ನರಿಯ ಮಂತ್ರಿಗಿರಿ ಹೋಯಿತು. ಬಿಲದ ಧಾನ್ಯ ಆಚೆದಡಕ್ಕೆ ಹೋಯಿತು. ಮಳೆಗಾಲ ಮುಗಿಯುವ ತನಕ ಉಪ್ಪಿನ ಗಂಟು ಹೊತ್ತು ಕಲ್ಲು ದಾಟಿಸುವ ಕೆಲಸ ನರಿಗೆ ಬಿತ್ತು, ಮುಳ್ಳವ್ವನ ಕೈಕೆಳಗೆ. ಕೂಲಿ ಬಗ್ಗೆ ಮುಳ್ಳವ್ವ ಬಹಳ ಬಿಗಿ. ಮುಂದಿನ ಯುಗಾದಿಗೆ ಮಂಗಟ್ಟೆ ಆಯವ್ಯಯ ಓದಿದ ದಿನವೇ ಸೇತುವೆಯ ಧಾನ್ಯ ಆಚೆದಡಕ್ಕೆ ಬಂತು. ಆದೇಶ ತಂದದ್ದು ಮೊಲ. ಚಿಪ್ಪಣ್ಣ ತಾನಾಗಿಯೇ ಅಧ್ಯಕ್ಷಗಿರಿ ಬಿಟ್ಟ. "ಈಜು ಬಾರದವರನ್ನು ಆರಿಸಿರಪ್ಪ" ಅಂದ. ಎಲ್ಲರೂ ಚುಕ್ಕಿಯನ್ನು ಆರಿಸಿದರು. ಮುಂದಿನ ಮಳೆಗೆ ಮೊದಲೇ ಸೇತುವೆ ಎದ್ದು ನಿಂತಿತು. ಅದರ ಮೇಲೆ ಯಾರ ಹೆಸರನ್ನೂ ಕೆತ್ತಲಿಲ್ಲ.

ಆದರೆ ಅದೆಲ್ಲ ಆಮೇಲಿನ ಮಾತು. ನರಿ ನೀರು ಕುಡಿಯುತ್ತಿದ್ದ ಆ ಸಂಜೆ ಮುಳ್ಳವ್ವ ಅತ್ತ ತಿರುಗಿಯೂ ನೋಡಲಿಲ್ಲ. ಮುತ್ತುಗದ ಎಲೆ ಬಿಚ್ಚಿ ಚುಕ್ಕಿಯ ಮರಿಯ ಮುಂದೆ ಉಪ್ಪುಮಣ್ಣು ಇಟ್ಟಿತು. ಮರಿ ಮೂಸಿತು, ನೆಕ್ಕಿತು, ಮತ್ತೆ ನೆಕ್ಕಿತು.

"ಎಷ್ಟು ನೆಲ್ಲಿಕಾಯಿ ಕೊಡಬೇಕು ಮುಳ್ಳವ್ವ?" ಅಂತ ಚುಕ್ಕಿ ಕೇಳಿತು.

"ಇದು ಹೋದ ವರ್ಷದ ಮಾಲು" ಅಂದಿತು ಮುಳ್ಳವ್ವ. "ತಡವಾಗಿ ತಲುಪಿದೆ."

ನೀತಿ: ಕೊಟ್ಟೆ ಅಂದವನ ಡಂಗುರ ನಂಬಬೇಡಿ, ಕೈಗೆ ತಲುಪಿತೇ ನೋಡಿ; ಅಡಿಗಲ್ಲಿಗೆ ಹಾರ ಹಾಕುವವರು ಸೇತುವೆಯ ಲೆಕ್ಕವನ್ನೂ ಕೇಳಬೇಕು.